ಆರನೆಯ ಗೆಲಾಕ್ಸಿಯ ಅಡ್ಡಗೆರೆ

ನುಸಿಗುಳಿಗೆಯ ವಾಸನೆ ಮನುಷ್ಯನನ್ನು ಅಷ್ಟು ದೂರ ಕರೆದೊಯ್ಯಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಮೊನ್ನೆ ಎನ್.ಆರ್. ಕಾಲೋನಿಯ ನಮ್ಮ ವಾಚನಾಲಯದಲ್ಲಿ ಜಮಖಾನಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಸುರುಳಿ ಬಿಚ್ಚಿದ್ದೇ ತಡ, ಒಳಗೆ ತಪಸ್ಸಿಗೆ ಕೂತಿದ್ದ ಆ ವಾಸನೆ ಎದ್ದು ಬಂದು ಮೂಗಿನ ಮುಂದೆ ನಿಂತಿತು. ಬೇರೆಯವರಿಗೆ ಅದರಿಂದ ಅಜ್ಜಿಯ ಪೆಟ್ಟಿಗೆ, ಮದುವೆಯ ಸೀರೆ ನೆನಪಾಗುತ್ತವೆ. ನನಗೆ ನೆನಪಾದದ್ದು ಕೋಟ್ಯಂತರ ಜ್ಯೋತಿರ್ವರ್ಷಗಳ ದೂರದ ಆರು ಗೆಲಾಕ್ಸಿಗಳು, ಅವುಗಳ ನಟ್ಟನಡುವೆ ಧೂಳು ಹೊದ್ದು ಕೂತಿದ್ದ ಆರು ಕಪ್ಪು ಕುಳಿಗಳು, ಮತ್ತು ಮೂರು ವರ್ಷದ ಹಿಂದಿನ ಒಂದು ಮಳೆಗಾಲ.

ನಾನು ಖಗೋಳಶಾಸ್ತ್ರಜ್ಞನಲ್ಲ ಎಂದು ಮೊದಲೇ ಅರಿಕೆ ಮಾಡಿಕೊಳ್ಳುವುದು ಧರ್ಮ. ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಪ್ರೂಫ್ ನೋಡುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು. ನಮ್ಮ ವೃತ್ತಿಯ ಮೊದಲ ಪಾಠವೆಂದರೆ ಅರ್ಥ ಮಾಡಿಕೊಳ್ಳದೆ ಓದುವುದು. ಅರ್ಥ ಎಂಬುದು ಕಣ್ಣಿಗೆ ಮಣ್ಣೆರಚುವ ವಸ್ತು. ‘ಸರಸ್ವತಿ’ ಎಂದಿರಬೇಕಾದಲ್ಲಿ ‘ಸರಸ್ಪತಿ’ ಎಂದಿದ್ದರೂ ಭಕ್ತಿವಂತನಾದ ಓದುಗ ಸರಸ್ವತಿ ಎಂದೇ ಓದಿಕೊಂಡು ಕೈಮುಗಿದು ಮುಂದೆ ಹೋಗುತ್ತಾನೆ. ಅದಕ್ಕೇ ನಮ್ಮಲ್ಲಿ ಕೊನೆಯ ಓದನ್ನು ಹಿಂದಿನಿಂದ ಓದುವ ಪದ್ಧತಿ. ಪುಟದ ಕಡೆಯ ಪದದಿಂದ ಹೊರಟು ಮೊದಲ ಪದಕ್ಕೆ ಬಂದು ಮುಟ್ಟುವುದು. ಹೀಗೆ ನಾನು ಎಷ್ಟೋ ಮಹಾಗ್ರಂಥಗಳನ್ನು ಕೊನೆಯಿಂದ ಮೊದಲಿನವರೆಗೆ ಓದಿದ್ದೇನೆ. ಒಂದರಲ್ಲೂ ಏನಾಯಿತೆಂದು ನನಗೆ ತಿಳಿಯದು.

ನಿವೃತ್ತಿಯ ನಂತರ ಈ ವಿದ್ಯೆಗೆ ಕೆಲಸವಿರಲಿಲ್ಲ. ದಿನಸಿ ಅಂಗಡಿಯ ಚೀಟಿ, ಮದುವೆ ಕರೆಯೋಲೆ, ಬಸ್ಸಿನ ಹಿಂದಿನ ಬರಹ, ಎಲ್ಲವನ್ನೂ ಮನಸ್ಸಿನಲ್ಲೇ ತಿದ್ದುತ್ತಾ ಓಡಾಡುತ್ತಿದ್ದೆ. ಆಗ ವಾಚನಾಲಯದ ಕಾರ್ಯದರ್ಶಿಗಳು ಒಂದು ಸಂಜೆ ಮನೆಗೆ ಬಂದರು. ತಿಂಗಳಿಗೊಂದು ಭಾನುವಾರ ಉಪನ್ಯಾಸ ಏರ್ಪಡಿಸುವುದು ಅವರ ವ್ರತ. ಅಲ್ಲಿಯವರೆಗಿನ ವಿಷಯಗಳು ಮಂಡಿನೋವು, ವಿಲ್ ಬರೆಯುವ ಕ್ರಮ, ಮತ್ತೆ ಮಂಡಿನೋವು. ಶ್ರಾವಣದಲ್ಲಿ ಏನಾದರೂ ಹೊಸದಾಗಿರಲಿ ಎಂದು ಅವರು ಒಬ್ಬ ಹುಡುಗಿಯನ್ನು ಹಿಡಿದಿದ್ದರು. ಹೆಸರು ಗಿರಿಜಾ. ಅಕ್ಕಿಪೇಟೆಯ ಅಕ್ಕಿ ವ್ಯಾಪಾರಿ ನಂಜುಂಡಪ್ಪನವರ ಮಗಳು. ಊರಿನ ಉತ್ತರಕ್ಕೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಆರು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು. ಕನ್ನಡದಲ್ಲೇ ಮಾತಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ, ಆದರೆ ಪದಗಳಿಲ್ಲ, ನೀವು ಸ್ವಲ್ಪ ನೋಡಿ ಎಂದು ಹೇಳಿ ಕಾರ್ಯದರ್ಶಿಗಳು ಎರಡು ಲೋಟ ಕಾಫಿ ಕುಡಿದು ಹೊರಟುಹೋದರು. ವಿಶ್ವದ ಕತ್ತಲೆಯನ್ನು ಕನ್ನಡಕ್ಕೆ ತರುವ ಹೊಣೆ ಹೀಗೆ ನನ್ನ ತಲೆಗೆ ಬಂತು.

ಮುಂದಿನ ಶನಿವಾರ ಮಧ್ಯಾಹ್ನ ಅವಳು ಬಂದಳು. ಕೊಡೆಯಿಂದ ನೀರು ತೊಟ್ಟಿಕ್ಕಿಸಿಕೊಂಡು, ಚಪ್ಪಲಿಯನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟು, ಕುರ್ಚಿಯ ತುದಿಯಲ್ಲಿ ಕೂತಳು. ಇಂಗ್ಲಿಷಿನಲ್ಲಿ ಹೇಳಿದರಾಗದೇ ಎಂದು ಕೇಳಿದೆ.

“ಇಂಗ್ಲಿಷಲ್ಲಿ ಆರು ವರ್ಷದಿಂದ ಹೇಳ್ತಾನೇ ಇದೀನಿ ಸರ್. ಅಪ್ಪಾಜಿಗೆ ಮಾತ್ರ ಇನ್ನೂ ಒಂದು ಸಾಲೂ ಹೇಳಕ್ಕಾಗಿಲ್ಲ.”

ಆಮೇಲೆ ನಿಧಾನವಾಗಿ ವಿಷಯ ಹೊರಬಂತು. ನಂಜುಂಡಪ್ಪನವರು ಮಗಳ ಓದಿಗೆ ಅಡ್ಡಿ ಮಾಡಿದವರಲ್ಲ. ಮನೆ, ಮಠ, ಅಂಗಡಿಯಲ್ಲಿ ಯಾರೇನು ಕೇಳಿದರೂ ತಾವೇ ನಿಂತು ಉತ್ತರ ಕೊಡುತ್ತಿದ್ದರು. ಆದರೆ ಮಗಳನ್ನು ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಯಾವಾಗ ಮುಗಿಯುತ್ತೆ? ಆರು ವರ್ಷವೂ ಅವಳು ‘ಇನ್ನೇನು’ ಎನ್ನುತ್ತಿದ್ದಳು. ಈ ಸಲ ಮಾತ್ರ ಮುಗೀತು ಎಂದಿದ್ದಳು. ಪ್ರಬಂಧ ಬರೆದಾಗಿತ್ತು, ಗೈಡು ಒಪ್ಪಿದ್ದರು, ಉಪನ್ಯಾಸ ಮುಗಿದ ವಾರ ಒಪ್ಪಿಸುವುದು ಬಾಕಿ. ಅದನ್ನು ಕೇಳಿ ನಂಜುಂಡಪ್ಪನವರು ತಾವೇ ಉಪನ್ಯಾಸಕ್ಕೆ ಬರುತ್ತೇನೆ, ಪೇಟೆಯ ನಾಲ್ಕು ಜನರನ್ನೂ ಕರೆತರುತ್ತೇನೆ ಎಂದಿದ್ದರಂತೆ. ಅಪ್ಪನಿಗೆ ತಾನು ಇಷ್ಟು ವರ್ಷ ಏನು ಮಾಡಿದೆ ಎಂದು ಒಂದು ಗಂಟೆಯಲ್ಲಿ ತಿಳಿಯಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಇಂಥ ಸಣ್ಣ ಬೇಡಿಕೆಗಳೇ ಭಾರವಾಗಿರುತ್ತವೆ.

ಆ ಆಷಾಢ ಹೇಗಿತ್ತೆಂದರೆ ಬೆಳಿಗ್ಗೆ ಏಳಕ್ಕೂ ಸಂಜೆ ಐದಕ್ಕೂ ಒಂದೇ ಬೆಳಕು. ಮಳೆ ಬೀಳುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಗಾಳಿಯಲ್ಲಿ ತೂಗುಹಾಕಿದಂತೆ ಇರುತ್ತಿತ್ತು. ಎದುರುಮನೆಯ ಹೊಂಗೆಮರ ದಿನವಿಡೀ ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಳ್ಳುತ್ತಿತ್ತು. ವರಾಂಡದಲ್ಲಿ ನಾನು ಶಾಲು ಹೊದ್ದು, ಗಿರಿಜಾ ಲ್ಯಾಪ್‌ಟಾಪು ಹೊತ್ತು, ಒಂದೊಂದೇ ಪದವನ್ನು ಹಿಡಿದು ಕೂರಿಸುತ್ತಿದ್ದೆವು.

ಮೊದಲ ತಕರಾರು ಕಪ್ಪು ಕುಳಿಯದೇ. ‘ಕೃಷ್ಣವಿವರ’ ಎಂಬ ಗಂಭೀರವಾದ ಪದ ಇದೆಯಲ್ಲ ಎಂದೆ. ಒಳಗಿನಿಂದ ನನ್ನ ಹೆಂಡತಿ ಕಮಲ, ಯಾವ ಕೃಷ್ಣನ ವಿವರ, ಉಡುಪಿಯದೋ ಗುರುವಾಯೂರಿನದೋ ಎಂದು ಕೇಳಿದಳು. ಪದ ಅಲ್ಲಿಗೆ ಬಿದ್ದುಹೋಯಿತು. ‘ಕಪ್ಪು ಗುಂಡಿ’ ಎಂದರೆ ನಮ್ಮೂರಿನಲ್ಲಿ ಜನ ಕಾರ್ಪೊರೇಷನ್ನಿಗೆ ಅರ್ಜಿ ಬರೆಯುತ್ತಾರೆ. ಕಡೆಗೆ ‘ಕಪ್ಪು ಕುಳಿ’ಯೇ ನಿಂತಿತು.

ವಿಷಯವನ್ನು ಅವಳು ನನಗೆ ಹೇಳಿಕೊಟ್ಟದ್ದು ಹೀಗೆ. ಗೆಲಾಕ್ಸಿಗಳ ನಡುವೆ ದೈತ್ಯ ಕಪ್ಪು ಕುಳಿಗಳಿವೆ. ಕೆಲವು ಬೆಳೆಯುತ್ತಿರುತ್ತವೆ, ಬೆಳೆಯುವಾಗ ದಟ್ಟ ಧೂಳನ್ನು ಮೈತುಂಬ ಹೊದ್ದುಕೊಂಡಿರುತ್ತವೆ. ಬೆಳಕು ಹೊರಬರುವುದಿಲ್ಲ. ಆದ್ದರಿಂದ ಇವು ಮರೆಯಲ್ಲಿರುವ ಕುಳಿಗಳು. ರೇಡಿಯೊ ಅಲೆಗಳು ಮಾತ್ರ ಆ ಹೊದಿಕೆಯನ್ನು ದಾಟಿ ನಮ್ಮ ಆಂಟೆನಾಗಳವರೆಗೆ ಬರುತ್ತವೆ. ಕುಳಿಯ ಸುತ್ತ ಬಹಳ ತಣ್ಣನೆಯ ಅನಿಲ ಇರುತ್ತದೆ. ನಕ್ಷತ್ರಗಳು ಹುಟ್ಟುವುದು ಅದರಿಂದಲೇ. ಕುಳಿಯ ಅಬ್ಬರಕ್ಕೆ ಆ ಅನಿಲ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹರಿದುಹೋಗುತ್ತದೆ. ಬಸವನಗುಡಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮೈಸೂರು. ಎಲ್ಲ ಹೋಗಿಬಿಟ್ಟರೆ ಆ ಗೆಲಾಕ್ಸಿಯಲ್ಲಿ ಮುಂದೆ ನಕ್ಷತ್ರ ಹುಟ್ಟುವುದಿಲ್ಲ. ಅಂಥ ಆರು ಗೆಲಾಕ್ಸಿಗಳಲ್ಲಿ ಅನಿಲ ಹೊರಗೆ ಹೋಗುತ್ತಿರುವುದನ್ನು ಅವಳು ಹಿಡಿದಿದ್ದಳು. ಆರರಲ್ಲಿ ಆರನೆಯದೇ ಎಲ್ಲಕ್ಕಿಂತ ಸ್ಪಷ್ಟ. ಇಡೀ ಪ್ರಬಂಧ ಅದರ ಹೆಗಲ ಮೇಲೆ ಕೂತಿತ್ತು.

ಅವಳು ಹೇಳುತ್ತಾ ಹೋದಂತೆ ನನಗೆ ಮಂಪರು ಹತ್ತುತ್ತಿತ್ತು. ಅದು ನಿದ್ದೆಯಲ್ಲ ಎಂದು ಇಂದಿಗೂ ವಾದಿಸುತ್ತೇನೆ. ಅರ್ಧ ಮುಚ್ಚಿದ ಕಣ್ಣೊಳಗೆ ಆ ತಣ್ಣನೆಯ ಅನಿಲ ಬ್ಯೂಗಲ್ ರಾಕ್ ಬಂಡೆಗುಡ್ಡದಿಂದ ಇಳಿದು ಬರುತ್ತಿತ್ತು. ಬಸವನ ಬೆನ್ನು ಸವರಿ, ಗುಡಿಯ ಮೆಟ್ಟಿಲು ಇಳಿದು, ಹಣ್ಣಿನ ಗಾಡಿಗಳ ನಡುವೆ ಯಾರ ಮೈಗೂ ತಾಗದಂತೆ ನುಸುಳಿ, ನಮ್ಮ ರಸ್ತೆಗೆ ಬರುತ್ತಿತ್ತು. ಒಣಗದ ಬಟ್ಟೆಗಳ ಕೆಳಗೆ, ಗೇಟುಗಳ ಸಂದಿನಲ್ಲಿ ಬೂದುಬಣ್ಣದ ಹೊಳೆಯೊಂದು ಸದ್ದಿಲ್ಲದೆ ಹರಿಯುತ್ತಿತ್ತು. ಹುಟ್ಟಬೇಕಾಗಿದ್ದ ನಕ್ಷತ್ರಗಳು ಅದರೊಳಗೆ ಕಣ್ಣು ಮುಚ್ಚಿ ಮಲಗಿದ್ದವು. ಮಲಗಿದ್ದಂತೆಯೇ ಊರು ದಾಟಿ ಹೋಗುತ್ತಿದ್ದವು. ತಡೆಯಬೇಕು ಎನಿಸುತ್ತಿತ್ತು, ಕೈ ಎತ್ತಲು ಆಗುತ್ತಿರಲಿಲ್ಲ. “ಸರ್, ಹೊರಹರಿವು ಅಂತ ಹಾಕ್ಲಾ?” ಎಂದು ಗಿರಿಜಾ ಕೇಳಿದಾಗ, ಹಾಕಮ್ಮ ಎಂದು ನಾನು ಹೇಳುತ್ತಿದ್ದದ್ದು ಆ ಹೊಳೆಯ ದಡದಿಂದ.

ಒಂದು ದಿನ ಕಮಲ ಕಾಫಿ ತಂದಿಟ್ಟು ಅಲ್ಲೇ ನಿಂತಳು. ತಿಂಗಳಿಂದ ಬಾಗಿಲ ಹಿಂದಿನಿಂದ ಪಾಠ ಕೇಳಿಸಿಕೊಂಡವಳು.

“ಅಲ್ಲಮ್ಮ, ಎಲ್ಲಾನೂ ಹೊರಗೇ ತಳ್ತಿದ್ರೆ ಅದು ಬೆಳೆಯೋದು ಹೇಗೆ? ತಿನ್ನಬೇಕಲ್ಲ?”

ಗಿರಿಜಾ ನಕ್ಕಳು. “ತಿನ್ನುತ್ತೆ ಆಂಟಿ. ತಿನ್ನೋದು ಒಳಗೆಲ್ಲೋ ಧೂಳಲ್ಲಿ ನಡೆಯುತ್ತೆ, ನಮಗೆ ಕಾಣಲ್ಲ. ತೇಗೋದು ಮಾತ್ರ ಕಾಣುತ್ತೆ.”

ಕಮಲ ನನ್ನ ಕಡೆ ಒಮ್ಮೆ ನೋಡಿ, ಅರ್ಥವಾಯಿತು ಎಂದು ಒಳಗೆ ಹೋದಳು.

ಇನ್ನು ವಾಚನಾಲಯದ ಕರಿಹಲಗೆಯ ಪ್ರಸಂಗ. ಅದರ ಸಂಪೂರ್ಣ ಹೊಣೆ ನನ್ನದು. ಗಿರಿಜಾ ಹೇಳುತ್ತಿದ್ದ ಆ ತಣ್ಣನೆಯ ಅನಿಲ ಬಿಡಿ ಪರಮಾಣುಗಳದ್ದಲ್ಲ. ಪರಮಾಣುಗಳು ಜೊತೆಗೂಡಿ ಆದ ಅಣುಗಳದ್ದು. ಶಾಲೆಯ ಪುಸ್ತಕದಲ್ಲಿ ಅಣು ಬೇರೆ, ಪರಮಾಣು ಬೇರೆ. ನಾನೇ ಎಷ್ಟೋ ಪಠ್ಯಪುಸ್ತಕಗಳಲ್ಲಿ ಇವೆರಡರ ನಡುವೆ ಕಾವಲು ನಿಂತವನು. ಹಾಗಾಗಿ ಉಪನ್ಯಾಸಕ್ಕೆ ಒಂದು ವಾರ ಮುಂಚೆ, ವಾಚನಾಲಯದ ಗೇಟಿನ ಪಕ್ಕದ ಹಲಗೆಯ ಮೇಲೆ ಕಾರ್ಯದರ್ಶಿಗಳು ನನ್ನ ಶುದ್ಧ ಕನ್ನಡವನ್ನು ಸುಣ್ಣದ ಕಡ್ಡಿಯಲ್ಲಿ ದುಂಡಗೆ ಬರೆದರು: ‘ಮರೆಯಲ್ಲಿ ಬೆಳೆಯುತ್ತಿರುವ ಕಪ್ಪು ಕುಳಿಗಳಿಂದ ಅಣು ಅನಿಲದ ಹೊರಹರಿವು. ಭಾನುವಾರ ಸಂಜೆ ಐದಕ್ಕೆ, ಇಲ್ಲಿಯೇ. ಎಲ್ಲರೂ ಬನ್ನಿ.’

ಪಠ್ಯಪುಸ್ತಕ ಏನೇ ಹೇಳಲಿ, ನಾಡಿನ ಜನಕ್ಕೆ ಅಣು ಎಂದರೆ ಅಣುಬಾಂಬು, ಅಣುಸ್ಥಾವರ. ಇದು ನನ್ನ ತಲೆಗೆ ಹೊಳೆಯಲಿಲ್ಲ. ವಾಚನಾಲಯದ ಪಕ್ಕದ ಮನೆಯ ಲಲಿತಮ್ಮನವರಿಗೆ ಹೊಳೆಯಿತು. ಅವರ ಗೇಟಿನ ಮುಂದೆಯೇ ಪೈಪಿಗೆಂದು ಅಗೆದ ಹಳ್ಳವೊಂದು ಮಳೆನೀರು ತುಂಬಿ ಕಪ್ಪಗೆ ನಿಂತಿತ್ತು, ದಿನೇದಿನೇ ಬೆಳೆಯುತ್ತಲೂ ಇತ್ತು. ಬೆಳಿಗ್ಗೆ ಹಾಲು ತರಲು ಹೋದ ಅವರು ಹಲಗೆಯನ್ನು ಓದಿ, ಹಳ್ಳವನ್ನು ನೋಡಿ, ಹಾಲನ್ನು ಅಲ್ಲೇ ಇಟ್ಟು, ಕಾರ್ಯದರ್ಶಿಗಳ ಮನೆಗೆ ಹೋದರು. ಕಾರ್ಯದರ್ಶಿಗಳು ಅವರನ್ನು ನನ್ನ ಮನೆಗೆ ದಾಟಿಸಿದರು.

“ಅಲ್ಲಾ ಸ್ವಾಮಿ, ಅಣು ಅನಿಲ ಸೋರ್ತಿದ್ರೆ ಎಲ್ಲರೂ ಹೋಗಿ ಅಂತ ಬರೀಬೇಕು. ನೀವು ಎಲ್ಲರೂ ಬನ್ನಿ ಅಂತ ಬರೆಸಿದೀರಲ್ಲ.”

ನಾನು ಅಣು, ಪರಮಾಣುಗಳ ಭೇದವನ್ನು ಸವಿಸ್ತಾರವಾಗಿ ನಿವೇದಿಸಿದೆ. ಅವರು ಪೂರ್ತಿ ಕೇಳಿ, ಕುಳಿಯಾದರೂ ಎಷ್ಟು ದೂರದಲ್ಲಿದೆ ಎಂದರು. ಕೋಟ್ಯಂತರ ಜ್ಯೋತಿರ್ವರ್ಷ ಎಂದೆ. ಹಾಗಾದರೆ ನಮ್ಮ ವಾರ್ಡಿಗೆ ಬರೋದಿಲ್ಲ ಎಂದು ನಿಟ್ಟುಸಿರುಬಿಟ್ಟು ಹೋದರು. ಅಷ್ಟರಲ್ಲಿ ಸುದ್ದಿ ಮೂರು ಕ್ರಾಸು ದಾಟಿತ್ತು. ಮಂಡಿನೋವಿಗೂ ಸೇರದಷ್ಟು ಜನ ಭಾನುವಾರ ಬರುತ್ತಾರೆ ಎಂಬುದು ಆಗಲೇ ಖಾತ್ರಿಯಾಯಿತು.

ಭಾನುವಾರಕ್ಕೆ ಮುಂಚಿನ ಗುರುವಾರ ಗಿರಿಜಾ ತನ್ನ ಚಿತ್ರಗಳನ್ನು ಕಾಗದದ ಮೇಲೆ ತೆಗೆಸಿಕೊಂಡು ಬಂದಳು. ಆರು ಗೆಲಾಕ್ಸಿಗೆ ಆರು ಚಿತ್ರ. ನೋಡಲು ಬಹಳ ಸರಳ. ಎಡದಿಂದ ಬಲಕ್ಕೆ ನಡುಗುತ್ತಾ ಹೋಗುವ ಒಂದು ಗೆರೆ. ನಡುವಿಗಿಂತ ಕೊಂಚ ಎಡಕ್ಕೆ ಆ ಗೆರೆ ತಗ್ಗಿ ಮತ್ತೆ ಏಳುತ್ತದೆ. ಕುಳಿಯ ಸುತ್ತ ಹೊಳೆಯುವ ರೇಡಿಯೊ ಬೆಳಕಿಗೆ ಅಡ್ಡ ಬಂದ ಅನಿಲ ತನ್ನ ಪಾಲನ್ನು ನುಂಗಿಕೊಂಡದ್ದರ ಗುರುತು ಆ ತಗ್ಗು. ಅನಿಲ ನಮ್ಮ ಕಡೆಗೆ ಬರುತ್ತಿದ್ದರೆ ತಗ್ಗು ಎಡಕ್ಕೆ; ನಮ್ಮಿಂದ ದೂರ ಹೋಗುತ್ತಿದ್ದರೆ ಬಲಕ್ಕೆ. ಅದು ನಮಗೂ ಕುಳಿಗೂ ನಡುವೆ ಇರುವುದರಿಂದ, ನಮ್ಮ ಕಡೆ ಬರುತ್ತಿದೆ ಎಂದರೆ ಕುಳಿಯನ್ನು ಬಿಟ್ಟು ಹೊರಟಿದೆ ಎಂದೇ ಅರ್ಥ. ಆರರಲ್ಲೂ ತಗ್ಗು ಎಡಕ್ಕಿತ್ತು.

ಕನ್ನಡದ ಹೆಸರುಗಳನ್ನು ಸರಿಯಾಗಿ ಅಂಟಿಸಿದ್ದೇನೆಯೇ ನೋಡಿ ಎಂದಳು. ನಾನು ಕೆಂಪು ಶಾಯಿಯ ಪೆನ್ನು ತೆಗೆದೆ. ಹಳೆಯ ಅಭ್ಯಾಸದಂತೆ ಕೊನೆಯಿಂದ ಶುರುಮಾಡಿದೆ. ಆರನೆಯದರಲ್ಲಿ ಅಕ್ಷರದೋಷವಿರಲಿಲ್ಲ, ಕೆಳಗೆ ‘ವೇಗ’ ಎಂದು ಚೆನ್ನಾಗಿ ಬರೆದಿತ್ತು. ಐದನೆಯದಕ್ಕೆ ಬಂದೆ. ನಾಲ್ಕು, ಮೂರು, ಎರಡು, ಒಂದು. ಮತ್ತೆ ಆರನೆಯದನ್ನು ತೆಗೆದೆ. ಐದು ಚಿತ್ರಗಳಲ್ಲಿ ಗೆರೆಯ ಕೆಳಗೆ, ಎಡಭಾಗದ ಪುಟಾಣಿ ಅಂಕಿಗಳ ಹಿಂದೆ ಒಂದೊಂದು ಅಡ್ಡಗೆರೆ ಇತ್ತು, ಸೊನ್ನೆಗಿಂತ ಕಡಿಮೆ ಎಂಬುದರ ಚಿಹ್ನೆ. ಆರನೆಯದರಲ್ಲಿ ಇರಲಿಲ್ಲ. ಅಚ್ಚಿನವರು ಇಂಥದನ್ನು ನುಂಗುವುದು ಹೊಸದೇನಲ್ಲ. ಅಂಚಿನಲ್ಲಿ ಒಂದು ಕೆಂಪು ಗುರುತು ಹಾಕಿ, ಇಲ್ಲಿ ಅಡ್ಡಗೆರೆ ಬಿಟ್ಟುಹೋಗಿದೆಯಮ್ಮ ಎಂದು ಕಾಗದ ಅವಳ ಕೈಗೆ ಕೊಟ್ಟೆ. ಒಂದು ಗೆರೆಯನ್ನು ಉಳಿಸಿದ ತೃಪ್ತಿಯಿಂದ ಒರಗಿ ಕೂತೆ.

ಅವಳು ಕಾಗದವನ್ನು ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಲ್ಯಾಪ್‌ಟಾಪು ತೆರೆದು ಎಲ್ಲೋ ಆಳದ ಕಡತವೊಂದನ್ನು ಹುಡುಕಿದಳು. ಹೊರಗೆ ಹೊಂಗೆಯಿಂದ ಹನಿ ಬೀಳುವುದು ಎಣಿಸುವಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು.

“ಬಿಟ್ಟುಹೋಗಿಲ್ಲ ಸರ್. ಅಲ್ಲಿ ಅಡ್ಡಗೆರೆ ಇರಲೇಬಾರದು.”

ಅದು ಅವಳ ಮೊದಲ ವರ್ಷದ ಚಿತ್ರ. ಬೇರೊಂದು ದೂರದರ್ಶಕದಿಂದ ಬಂದ ಮಾಹಿತಿ. ಉಳಿದ ಐದರ ಕೆಳಗಿನ ಅಂಕಿಗಳು ವೇಗದವು. ಇದರವು ಅಲೆಯ ಕಂಪನಾಂಕದವು, ಅದು ಸೊನ್ನೆಗಿಂತ ಕಡಿಮೆ ಇರುವುದೇ ಇಲ್ಲ. ಎರಡೂ ಎದುರುಬದುರು ದಿಕ್ಕಿಗೆ ಏರುತ್ತವೆ. ಒಂದರಲ್ಲಿ ಎಡಕ್ಕಿದ್ದರೆ ಬರುತ್ತಿದೆ ಎಂದು; ಇನ್ನೊಂದರಲ್ಲಿ ಎಡಕ್ಕಿದ್ದರೆ ಹೋಗುತ್ತಿದೆ ಎಂದು. ಆಗ ಹೊಸಬಳಾದ ಅವಳು ಐದರಂತೆಯೇ ಇದಕ್ಕೂ ‘ವೇಗ’ ಎಂಬ ಹೆಸರಂಟಿಸಿದ್ದಳು. ಆಮೇಲೆ ಆ ಚಿತ್ರವನ್ನು ಅವಳೂ ಅವಳ ಗೈಡೂ ನೂರು ಸಲ ನೋಡಿದ್ದರು. ಬಾಯಿಪಾಠವಾದದ್ದನ್ನು ಯಾರೂ ಓದುವುದಿಲ್ಲ. ಎಲ್ಲರೂ ಸರಸ್ವತಿ ಎಂದೇ ಓದಿಕೊಂಡು ಕೈಮುಗಿದಿದ್ದರು.

ಆರನೆಯ ಗೆಲಾಕ್ಸಿಯಲ್ಲಿ ಅನಿಲ ಹೊರಗೆ ಹರಿಯುತ್ತಿರಲಿಲ್ಲ. ಒಳಗೆ ಬೀಳುತ್ತಿತ್ತು.

ನಾನು ಶಾಯಿಯ ಪೆನ್ನಿನ ಮುಚ್ಚಳ ಹಾಕಿದೆ. ಅರ್ಥವಾಗದೆ ಓದಿದ್ದರಿಂದ ಆದ ಅನಾಹುತವನ್ನು ಅರ್ಥ ಮಾಡಿಕೊಂಡು ಕೂತೆ. ಗಿರಿಜಾ ಎದ್ದು, ಕೊಡೆಯನ್ನು ಮರೆತು ಹೋದಳು.

ಶನಿವಾರ ಕೊಡೆಗೆಂದು ಬಂದಳು. ಎರಡು ದಿನ ಕೂತು ಎಲ್ಲವನ್ನೂ ಮತ್ತೆ ಲೆಕ್ಕಹಾಕಿದ್ದಳು. ಸಂದೇಹವಿಲ್ಲ, ಒಳಗೇ. ಗೈಡಿಗೆ ಹೇಳಿದ್ದಳು, ಅವರು ಪ್ರಬಂಧ ಈಗ ಒಪ್ಪಿಸುವುದು ಬೇಡ ಎಂದಿದ್ದರು. ಅಪ್ಪನಿಗೆ ಹೇಳಿರಲಿಲ್ಲ. ನಂಜುಂಡಪ್ಪನವರು ಆಗಲೇ ಪೇಟೆಯಲ್ಲೆಲ್ಲ ಮಗಳದು ಮುಗಿಯಿತು ಎಂದು ಹೇಳಿಯಾಗಿತ್ತು. ಭಾನುವಾರ ಹಂಚಲು ಮೈಸೂರುಪಾಕನ್ನೂ ಹೇಳಿದ್ದರು.

“ನಾಳೆ ಐದೇ ತೋರಿಸ್ತೀನಿ ಸರ್. ಆರನೇದು ಇತ್ತು ಅಂತ ಅಲ್ಲಿ ಯಾರಿಗೆ ಗೊತ್ತು? ಅಪ್ಪಾಜಿಗೆ ಆಮೇಲೆ ನಿಧಾನಕ್ಕೆ ಹೇಳ್ತೀನಿ.”

ಹೌದು, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅಚ್ಚುಕೂಟದಲ್ಲಿ ಪುಸ್ತಕವೆಲ್ಲ ಮುಗಿದ ಮೇಲೆ ಕಡೆಯ ಪುಟಕ್ಕೆ ತಪ್ಪೊಪ್ಪು ಪಟ್ಟಿ ಎಂದು ಒಂದನ್ನು ಹಾಕುತ್ತಿದ್ದೆವು. ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಅದನ್ನು ಯಾರೂ ಓದುವುದಿಲ್ಲ. ಓದುವುದಿಲ್ಲವೆಂದು ನಾನೂ ಕೆಲವು ಸಲ ಕಂಡ ತಪ್ಪನ್ನು ಆ ಪಟ್ಟಿಗೆ ಸೇರಿಸದೆ ಬಿಟ್ಟಿದ್ದೇನೆ. ಯಾರೂ ಕೇಳಲಿಲ್ಲ. ಆ ಪುಸ್ತಕಗಳ ಹೆಸರು ಮಾತ್ರ ನನಗೆ ಇಂದಿಗೂ ಬಾಯಿಗೆ ಬರುತ್ತದೆ, ಉಳಿದವುಗಳದು ಬರುವುದಿಲ್ಲ. ಇದಿಷ್ಟನ್ನೂ ಅವಳಿಗೆ ಹೇಳಿದೆ. ತಪ್ಪೊಪ್ಪಿಗೂ ತಪ್ಪೊಪ್ಪಿಗೆಗೂ ಒಂದೇ ಅಕ್ಷರದ ದೂರ ಎಂದು ಸೇರಿಸಿ ಉಪದೇಶ ಮಾಡಬೇಕೆಂದಿದ್ದೆ; ಅವಳ ಮುಖ ನೋಡಿ ಸುಮ್ಮನಾದೆ. ಅವಳು ಕೊಡೆ ತೆಗೆದುಕೊಂಡು ಹೋದಳು.

ಭಾನುವಾರ ವಾಚನಾಲಯ ತುಂಬಿತ್ತು. ಕುರ್ಚಿ ಸಾಲದೆ ಅಟ್ಟದಿಂದ ಜಮಖಾನ ಇಳಿಸಿ ಹಾಸಿದ್ದರು. ಒದ್ದೆ ಗಾಳಿಗೆ ನುಸಿಗುಳಿಗೆ ಘಮ್ಮೆಂದಿತ್ತು. ಲಲಿತಮ್ಮನವರು ಕಿಟಕಿಯ ಹತ್ತಿರ, ಮುನ್ನೆಚ್ಚರಿಕೆಯ ಜಾಗದಲ್ಲಿ ಕೂತಿದ್ದರು. ಮೊದಲ ಸಾಲಿನಲ್ಲಿ ಅಕ್ಕಿಪೇಟೆ. ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿಯ ನಾಲ್ಕು ಜನ ಹಿರಿಯರು, ನಡುವೆ ನಂಜುಂಡಪ್ಪನವರು. ಎತ್ತರದ ಮನುಷ್ಯ, ಕೂತಿದ್ದರೂ ನಿಂತಂತೆ ಕಾಣುತ್ತಿದ್ದರು.

ಪ್ರೊಜೆಕ್ಟರಿನ ತಂತಿಗೂ ಗಿರಿಜಾಳ ಲ್ಯಾಪ್‌ಟಾಪಿಗೂ ಹೊಂದಿಕೆಯಾಗಲಿಲ್ಲ. ಕಾರ್ಯದರ್ಶಿಗಳು ಅದನ್ನು ಹತ್ತು ನಿಮಿಷ ಬೇಡಿಕೊಂಡರು. ಕಡೆಗೆ ಗೇಟಿನ ಬಳಿಯ ಕರಿಹಲಗೆಯನ್ನೇ ಒಳಗೆ ತಂದು, ನನ್ನ ಶುದ್ಧ ಕನ್ನಡವನ್ನು ಬಟ್ಟೆಯಲ್ಲಿ ಒರೆಸಿ, ಸುಣ್ಣದ ಕಡ್ಡಿ ಅವಳ ಕೈಗೆ ಕೊಟ್ಟರು.

ಅವಳು ಚೆನ್ನಾಗಿ ಮಾತಾಡಿದಳು. ನಾವು ತಿಂಗಳಿಡೀ ಕೂರಿಸಿದ್ದ ಪದಗಳಲ್ಲಿ ಅರ್ಧವನ್ನು ಬಿಟ್ಟು, ತನ್ನ ಮನೆಯ ಮಾತಿನಲ್ಲಿ ಹೇಳಿದಳು. ನಾವು ಮನೆಯೊಂದರ ಎದುರು ರಸ್ತೆಯಲ್ಲಿ ನಿಂತಿದ್ದೇವೆ ಅಂದುಕೊಳ್ಳಿ, ಒಳಗೇನಿದೆ ಕಾಣದು, ಬಾಗಿಲಲ್ಲಿ ಓಡಾಡುವವರು ಮಾತ್ರ ಕಾಣುತ್ತಾರೆ. ನಮ್ಮ ಕಡೆ ಬರುವವರು ಹೊರಟ ಜನ, ನಮಗೆ ಬೆನ್ನು ಹಾಕಿದವರು ಒಳಗೆ ಹೋಗುವ ಜನ. ಸಭೆ ತಲೆದೂಗಿತು. ಹೊರಗೆ ಬೆಳಕು ಮೆಲ್ಲಗೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ಹಲಗೆಯ ಮೇಲೆ ಒಂದರ ಕೆಳಗೊಂದು ನಡುಗುವ ಗೆರೆ ಎಳೆಯುತ್ತಾ ಹೋದಂತೆ, ಅಷ್ಟು ಜನರೂ ಆ ಮನೆಗಳ ಎದುರು, ಆ ಮಹಾಕತ್ತಲೆಯ ಬೀದಿಯಲ್ಲಿ ನಿಂತಿದ್ದೇವೆ ಎನಿಸಿತು. ಅನಿಲ ನಮ್ಮ ಪಾದ ಸವರಿಕೊಂಡು ಹೋಗುತ್ತಿತ್ತು. ಯಾರೂ ಕೆಮ್ಮಲಿಲ್ಲ.

ಐದು ಗೆರೆ ಆಯಿತು. ಹಲಗೆಯ ಕೆಳಗೆ ಇನ್ನೊಂದಕ್ಕೆ ಜಾಗವಿತ್ತು. ಅವಳು ಸುಣ್ಣದ ಕಡ್ಡಿ ಹಿಡಿದು ಆ ಜಾಗವನ್ನು ನೋಡುತ್ತಾ ನಿಂತಳು. ಮುಗಿಯಿತೆಂದು ಕಾರ್ಯದರ್ಶಿಗಳು ವಂದನಾರ್ಪಣೆಗೆ ಎದ್ದರು. ಅವಳು ಬಗ್ಗಿ ಆರನೆಯ ಗೆರೆ ಎಳೆದಳು. ಅದರ ತಗ್ಗನ್ನು ಬಲಕ್ಕೆ ಇಟ್ಟಳು.

“ಇದೂ ಹೊರಗೆ ಹೋಗ್ತಿದೆ ಅಂತ ನಾನು ಐದಾರು ವರ್ಷ ಹೇಳ್ಕೊಂಡು ಬಂದೆ. ತಪ್ಪು. ಇದು ಒಳಗೆ ಹೋಗ್ತಿದೆ. ಗೊತ್ತಾಗಿದ್ದು ಮೂರು ದಿನದ ಹಿಂದೆ.” ಆಮೇಲೆ ಮೊದಲ ಸಾಲಿಗೆ ತಿರುಗಿ, ಸ್ವರ ಇಳಿಸಿ ಹೇಳಿದಳು. “ಮುಗೀತು ಅಂತ ಹೇಳಿದ್ದೆ ಅಪ್ಪಾಜಿ. ಮುಗಿದಿಲ್ಲ.”

ಮೈಸೂರುಪಾಕಿನ ಡಬ್ಬಗಳು ಬಾಗಿಲ ಬಳಿ ಮೇಜಿನ ಮೇಲೆ ಕೂತಿದ್ದವು. ವಿಭೂತಿಯ ನಾಲ್ಕು ಹಣೆಗಳು ನಂಜುಂಡಪ್ಪನವರ ಕಡೆ ತಿರುಗಿದವು. ನನ್ನ ಪಕ್ಕದಲ್ಲಿದ್ದ ಕಮಲ ಮಾತ್ರ ಹಲಗೆಯನ್ನೇ ನೋಡುತ್ತಾ, ಅಂತೂ ತಿನ್ನೋದು ಕಾಣಿಸ್ತು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಗಿರಿಜಾಳ ಕಿವಿಗೆ ಅದು ಬಿದ್ದಿರಬೇಕು. ಒಮ್ಮೆ ನಮ್ಮ ಕಡೆ ನೋಡಿದಳು.

ನಂಜುಂಡಪ್ಪನವರು ಎದ್ದು ನಿಂತರು. ನನ್ನ ಕೆಂಪು ಶಾಯಿಯ ಪಾಪವೆಲ್ಲ ಕಣ್ಣಮುಂದೆ ಬಂತು. ಅವರು ಹಲಗೆಯ ಹತ್ತಿರ ಹೋಗಿ, ಆರನೆಯ ಗೆರೆಯನ್ನಲ್ಲ, ಮೇಲಿನ ಐದನ್ನು ಒಂದೊಂದಾಗಿ ನೋಡಿದರು.

“ಸೋನಾ ಮಸೂರಿ ಅಂತ ಬಂದ ಲಾರೀಲಿ ಒಂದು ಮೂಟೆ ಬೇರೆ ಅಕ್ಕಿ ಸಿಕ್ತು ಅನ್ನು. ಆ ಒಂದನ್ನ ಇಳಿಸಿ ಸುಮ್ಮನಾಗಲ್ಲಮ್ಮ ನಾವು. ಮಿಕ್ಕಿದ್ದೆಲ್ಲಾನೂ ಚುಚ್ಚಿ ನೋಡ್ತೀವಿ. ಈ ಐದು ನೋಡಿದೀಯಾ?”

“ಇಲ್ಲ ಅಪ್ಪಾಜಿ. ನೋಡ್ಬೇಕು. ಒಂದು ವರ್ಷ ಆಗಬಹುದು.”

“ನೋಡು ಮತ್ತೆ.”

ಅಷ್ಟು ಹೇಳಿ ಅವರು ಹೋಗಿ ಕೂತರು. ‘ಯಾವಾಗ ಮುಗಿಯುತ್ತೆ’ ಎಂಬುದನ್ನು ಬಿಟ್ಟರೆ, ಆರು ವರ್ಷದಲ್ಲಿ ಮಗಳ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ಮರುದಿನ ಗೈಡು ಕೇಳಿದ್ದೂ ಅದನ್ನೇ ಎಂದು ಗಿರಿಜಾ ಆಮೇಲೆ ಹೇಳಿದಳು. ಮೈಸೂರುಪಾಕನ್ನು ಹಂಚುವುದೋ ಬೇಡವೋ ಎಂದು ಕಾರ್ಯದರ್ಶಿಗಳು ತಬ್ಬಿಬ್ಬಾಗಿದ್ದಾಗ ಲಲಿತಮ್ಮನವರು ಡಬ್ಬದ ಮುಚ್ಚಳ ತೆಗೆದು ಆ ಸಮಸ್ಯೆಯನ್ನು ಬಗೆಹರಿಸಿದರು.

ಶ್ರಾವಣ ಕಳೆದು, ಗೌರಿಹಬ್ಬದ ಹಿಂದಿನ ವಾರ ನಾನು ಅಕ್ಕಿಪೇಟೆಗೆ ಹೋದೆ. ಸಗಟು ವ್ಯಾಪಾರವೆಲ್ಲ ಊರಾಚೆಗೆ ಹೋದ ಮೇಲೂ ಆ ಓಣಿಯಲ್ಲಿ ಉಳಿದಿರುವ ಕೆಲವೇ ಅಂಗಡಿಗಳಲ್ಲಿ ಅವರದೊಂದು. ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಮೂಟೆಗಳಿಂದ ಎದ್ದ ನುಣ್ಣನೆಯ ಹುಡಿ ಬಿಸಿಲಿನಲ್ಲಿ ತೇಲುತ್ತಾ, ಯಾವ ಅವಸರವೂ ಇಲ್ಲದೆ ಬಾಗಿಲ ಕಡೆಗೆ ಸಾಗುತ್ತಿತ್ತು. ನಂಜುಂಡಪ್ಪನವರು ತುದಿ ಚೂಪಾದ ಕಬ್ಬಿಣದ ಕೊಳವೆಯೊಂದನ್ನು ಮೂಟೆಗೆ ಚುಚ್ಚಿ, ಅಂಗೈಗೆ ಬಂದ ಅಕ್ಕಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಗಿರಾಕಿಯೊಬ್ಬರು, ಪರಿಚಿತರಿರಬೇಕು, ಮಗಳದು ಎಲ್ಲಿಗೆ ಬಂತು ಯಜಮಾನರೇ, ಇನ್ನೂ ಓದುತ್ತಲೇ ಇದ್ದಾಳಾ ಎಂದು ಕೇಳಿದರು.

ನಂಜುಂಡಪ್ಪನವರು ಅಂಗೈಯಿಂದ ಕಣ್ಣೆತ್ತಲಿಲ್ಲ.

“ಓದಿದ್ದಾಯ್ತು,” ಎಂದರು. “ಈಗ ಚುಚ್ಚಿ ನೋಡ್ತಿದಾಳೆ.”